1986ರ ಬ್ಲ್ಯಾಕ್‌ಫುಟ್ ಟ್ರಕ್ಕಿಗೆ ಬೇರೆ ಕಂಪನಿಯ ಬಿಡಿಭಾಗ: ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ತುಂಗಭದ್ರಾ_ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ ತಂದಿದ್ದ, ಜಪಾನಿನ ತಮಿಯಾ ಕಂಪನಿಯ ಬ್ಲ್ಯಾಕ್‌ಫುಟ್ ಎಂಬ ರಿಮೋಟಿನಿಂದ ಓಡಿಸುವ ಆಟದ ಟ್ರಕ್ಕು ಈಗ ನನ್ನ ಕೈಗೆ ಬಂದಿದೆ. ಬಹಳ ವರ್ಷ ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಇದ್ದುದರಿಂದ ಚಾಸಿಸ್ಸಿನಲ್ಲಿ ಎಲ್ಲಿಯೂ ಬಿರುಕಿಲ್ಲ, ಮೇಲಿನ ಬಾಡಿಯೂ ಒಂದೆರಡು ಕಡೆ ಬಣ್ಣ ಎದ್ದಿರುವುದನ್ನು ಬಿಟ್ಟರೆ ಚೆನ್ನಾಗಿಯೇ ಇದೆ.

ಆದರೆ ಓಡುವ ಭಾಗಗಳ ಕಥೆ ಬೇರೆ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಎರಡು ಡ್ರೈವ್ ಶಾಫ್ಟುಗಳಲ್ಲಿ ಒಂದರ ಆರು ಮೂಲೆಯ ತುದಿ ಸವೆದು ದುಂಡಗಾಗಿದ್ದು, ಚಕ್ರವನ್ನು ಹಿಡಿದುಕೊಂಡು ಮೋಟಾರು ತಿರುಗಿಸಿದರೆ ಟಕಟಕ ಎಂದು ಜಾರುತ್ತದೆ. ತಿರುಗುವ ಶಾಫ್ಟುಗಳನ್ನು ಹಿಡಿದಿಡುವ ಬುಷ್‌ಗಳೆಲ್ಲ ಸಡಿಲವಾಗಿವೆ, ಮುಂದಿನ ಎಡಗಡೆಯ ಸಸ್ಪೆನ್ಷನ್ ತೋಳು ಸೀಳಿದೆ, ಟೈರುಗಳು ಒಣಗಿ ಬಿರಿದಿವೆ. ಸರ್ವೋ (ರಿಮೋಟ್ ಹೇಳಿದಂತೆ ತನ್ನ ತೋಳನ್ನು ತಿರುಗಿಸುವ ಪುಟ್ಟ ಮೋಟಾರು ಪೆಟ್ಟಿಗೆ) ತಳ್ಳಿ ವೇಗ ಬದಲಾಯಿಸುವ ಹಳೆಯ ಮೂರು ಹಂತದ ಸ್ಪೀಡ್ ಕಂಟ್ರೋಲರಿನ ತಾಮ್ರದ ಪಟ್ಟಿಗಳು ಸುಟ್ಟು ಕಪ್ಪಾಗಿವೆ.

ಅಂತರ್ಜಾಲದ ಮಾರಾಟಗಾರರೊಬ್ಬರ ಬಳಿ ಈ ಟ್ರಕ್ಕಿಗೆ ಸರಿಹೊಂದುವುದೆಂದು ಹೇಳುವ ಅಲ್ಯೂಮಿನಿಯಂ ಭಾಗಗಳ ಪೂರ್ಣ ಸೆಟ್ಟು ಇದೆ. ಮುಂದಿನ ತೋಳು, ಹಿಂದಿನ ತೋಳು, ಡ್ಯಾಂಪರಿನ (ಕುಲುಕಾಟ ತಡೆಯುವ ಕೊಳವೆಯ) ಆಧಾರ, ಮುಂದಿನ ಚಕ್ರವನ್ನು ಹಿಡಿದು ತಿರುಗಿಸುವ ಸ್ಟೀರಿಂಗ್ ನಕಲ್ ಎಲ್ಲವೂ ಅದರಲ್ಲಿವೆ. ಅದರ ಜೊತೆಗೆ ಹೆಚ್ಚು ಶಕ್ತಿಯ ಬ್ರಷ್‌ಲೆಸ್ ಮೋಟಾರು ಮತ್ತು ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿ, ಭಾನುವಾರಗಳಲ್ಲಿ ಮಕ್ಕಳೊಂದಿಗೆ ಮೈದಾನದಲ್ಲಿ ಓಡಿಸಬೇಕೆಂಬುದು ನನ್ನ ಯೋಜನೆ. ಗಾಜಿನ ಕಪಾಟಿನಲ್ಲಿಟ್ಟು ನೋಡುವ ಉದ್ದೇಶವಿಲ್ಲ, ಹಾಗೆಂದು ಮಾವ ತಂದ ವಸ್ತುವನ್ನು ಕೆಡಿಸುವ ಮನಸ್ಸೂ ಇಲ್ಲ. ಯಾವ ಭಾಗದಿಂದ ಆರಂಭಿಸುವುದು ಸರಿ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಲೇತ್_ಮನೆ

ಮೊದಲು ಡ್ರೈವ್ ಶಾಫ್ಟಿನ ವಿಷಯ, ಏಕೆಂದರೆ ಅದನ್ನು ಸರಿಪಡಿಸದೆ ಉಳಿದ ಯಾವ ಖರ್ಚೂ ಪ್ರಯೋಜನಕ್ಕೆ ಬರುವುದಿಲ್ಲ.

ನಿಮ್ಮ ಟ್ರಕ್ಕಿನ ಗೇರ್‌ಬಾಕ್ಸು ಟ್ರಕ್ಕಿಗೆಂದೇ ಹುಟ್ಟಿದ್ದಲ್ಲ. ತಮಿಯಾ 1983ರಲ್ಲಿ ಬಿಡುಗಡೆ ಮಾಡಿದ ಫ್ರಾಗ್ ಎಂಬ ಹಗುರವಾದ ಬಗ್ಗಿಗೆ ಮಾಡಿದ ವಿನ್ಯಾಸವನ್ನೇ 1986ರಲ್ಲಿ ಬ್ಲ್ಯಾಕ್‌ಫುಟ್ ಮತ್ತು ಮಾನ್‌ಸ್ಟರ್ ಬೀಟಲ್ ಎಂಬ ಎರಡು ದೊಡ್ಡ ಚಕ್ರದ ಗಾಡಿಗಳಿಗೆ ಬಳಸಿಕೊಂಡರು. ಬಗ್ಗಿಯ ಚಿಕ್ಕ ಚಕ್ರ ಹೋಗಿ ದೊಡ್ಡ ಟೈರು ಬಂತು, ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಬಾಡಿ ಕುಳಿತಿತು. ಚಕ್ರದ ತ್ರಿಜ್ಯ ಹೆಚ್ಚಾದಷ್ಟೂ ಅದೇ ಎಳೆತಕ್ಕೆ ಶಾಫ್ಟಿನ ಮೇಲೆ ಬೀಳುವ ತಿರುಚು ಬಲವೂ ಹೆಚ್ಚುತ್ತದೆ. ಆರು ಮೂಲೆಯ ತುದಿಯೊಂದು ಆರು ಮೂಲೆಯ ಬಟ್ಟಲಿನೊಳಗೆ ಓರೆಯಾಗಿ ನಿಂತು ತಿರುಗುವಾಗ, ಮುಖಗಳು ಪೂರ್ತಿಯಾಗಿ ಒಂದಕ್ಕೊಂದು ಕೂಡದೆ ಬರಿಯ ಅಂಚುಗಳೇ ಭಾರ ಹೊರುತ್ತವೆ. ಆ ಅಂಚು ಮೊದಲು ಸವೆಯುತ್ತದೆ, ಸವೆದ ಮೇಲೆ ಜಾರುತ್ತದೆ, ಜಾರಿದಾಗಲೆಲ್ಲ ಬಟ್ಟಲಿನ ಒಳಮೂಲೆಗಳನ್ನೂ ಕೆತ್ತುತ್ತದೆ. ಹಾಗಾಗಿ ಈಗ ಒಂದೇ ಶಾಫ್ಟು ಸವೆದಂತೆ ಕಂಡರೂ ಅದು ಕೂಡುವ ಡಿಫರೆನ್ಷಿಯಲ್ (ಎರಡು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರು ಜೋಡಣೆ) ಬಟ್ಟಲನ್ನು ಟಾರ್ಚ್ ಹಾಕಿ ನೋಡಿರಿ. ಬಟ್ಟಲು ಕೆಟ್ಟಿದ್ದರೆ ಹೊಸ ಶಾಫ್ಟು ಕೂಡ ಬೇಗನೆ ಅದೇ ಗತಿಗೆ ಬರುತ್ತದೆ.

ಇದಕ್ಕೆ ಆ ಕಾಲದಲ್ಲೇ ಪರಿಹಾರ ಹುಡುಕಿದವರು ಬೇರೆ ಕಂಪನಿಯವರು. ಅಮೆರಿಕದ ಎಂಐಪಿ ಮತ್ತು ಥಾರ್ಪ್ ಸಂಸ್ಥೆಗಳು ಈ ವರ್ಗದ ಗಾಡಿಗಳಿಗೆ ಬದಲಿ ಡ್ರೈವ್ ಭಾಗಗಳನ್ನು ಮಾಡುತ್ತಿದ್ದವು, ಹಳೆಯ ಗಾಡಿ ಕೂಡಿಡುವವರು ಈಗಲೂ ಅವನ್ನು ಹುಡುಕಿ ಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಓಡಿಸುವ ಗಾಡಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಫ್ರಾಗ್ 2005ರಲ್ಲಿ, ಮಾನ್‌ಸ್ಟರ್ ಬೀಟಲ್ 2015ರಲ್ಲಿ, ಬ್ಲ್ಯಾಕ್‌ಫುಟ್ 2016ರಲ್ಲಿ ಮರುಬಿಡುಗಡೆಯಾದಾಗ ತಮಿಯಾದವರೇ ಆರು ಮೂಲೆಯ ತುದಿಯನ್ನು ಕೈಬಿಟ್ಟು, ತುದಿಯಲ್ಲಿ ಅಡ್ಡ ಪಿನ್ನು ಇರುವ ಡಾಗ್‌ಬೋನ್ ಮಾದರಿಯ ಶಾಫ್ಟನ್ನು ಹಾಕಿದರು. ಆ ಭಾಗಗಳನ್ನು ಕೊಳ್ಳುವಾಗ ಒಳಗಿನ ಬಟ್ಟಲು, ನಡುವಿನ ಶಾಫ್ಟು, ಹೊರಗಿನ ಚಕ್ರದ ಆಕ್ಸಲ್ ಮೂರನ್ನೂ ಒಂದೇ ಕುಟುಂಬದಿಂದ ತೆಗೆದುಕೊಳ್ಳಿ. ಒಂದು ತುದಿಗೆ ಹಳೆಯದು, ಇನ್ನೊಂದು ತುದಿಗೆ ಹೊಸದು ಎಂದು ಬೆರೆಸಲು ಹೋದರೆ ಉದ್ದದಲ್ಲೋ ಪಿನ್ನಿನ ದಪ್ಪದಲ್ಲೋ ವ್ಯತ್ಯಾಸ ಬಂದೇ ಬರುತ್ತದೆ.

ನಮ್ಮೂರಿನ ಟರ್ನರ್ ಕೈಯಲ್ಲಿ ಮಾಡಿಸಿಕೊಳ್ಳಬಹುದೇ ಎಂದು ಕೇಳುವವರಿಗೂ ಹೇಳಿಬಿಡುತ್ತೇನೆ. ಮಾಡಿಸಬಹುದು, ಆದರೆ ಸಾಮಾನ್ಯ ಎಂಎಸ್ (ಮೆದು ಉಕ್ಕಿನ) ಸರಳಿನಲ್ಲಿ ಬೇಡ. ಇಎನ್24ರಂಥ ಉಕ್ಕಿನಲ್ಲಿ ತಿರುಗಿಸಿ ಹದ ಕೊಡಿಸದಿದ್ದರೆ ಪಿನ್ನು ಕೂಡುವ ಸೀಳು ಬೇಗ ಅಗಲವಾಗುತ್ತದೆ.

ಇನ್ನು ಸಡಿಲವಾದ ಬುಷ್‌ಗಳ ಜಾಗಕ್ಕೆ ಹಾಕಬೇಕಾದ ಬೇರಿಂಗು. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ. ಆರ್‌ಸಿ (ರಿಮೋಟ್ ಗಾಡಿಗಳ) ಅಂಗಡಿಗಳಲ್ಲಿ 1150 ಎಂದು ಮಾರುವ ಬೇರಿಂಗು ಹೊರವ್ಯಾಸ 11, ಒಳವ್ಯಾಸ 5, ದಪ್ಪ 4 ಮಿ.ಮೀ. ಇರುತ್ತದೆ. ಬೇರಿಂಗ್ ಅಂಗಡಿಯಲ್ಲಿ ಇದೇ ಅಳತೆಗೆ ಎಂಆರ್115 ಎನ್ನುತ್ತಾರೆ. ಹಾಗೆಯೇ 1050 ಎಂದರೆ ಎಂಆರ್105, 1260 ಎಂದರೆ ಎಂಆರ್126, 850 ಎಂದರೆ ಎಂಆರ್85. ಬುಷ್‌ಗಳನ್ನು ಒಂದೊಂದಾಗಿ ಹೊರತೆಗೆದು ವರ್ನಿಯರ್‌ನಲ್ಲಿ ಅಳೆದು, ಯಾವ ಜಾಗದ್ದು ಯಾವ ಅಳತೆ ಎಂದು ಬರೆದಿಟ್ಟುಕೊಂಡರೆ, ಆರ್‌ಸಿ ಹೆಸರು ಕೇಳಿಯೇ ಇಲ್ಲದ ಊರಿನಲ್ಲೂ ನಿಮಗೆ ಬೇರಿಂಗು ಸಿಗುತ್ತದೆ.

ಉತ್ತರ 2: ಹಳೆಯ_ಪೆಟ್ಟಿಗೆ

ಲೇತ್_ಮನೆಯವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ನಾನು ಬರೆಯಬೇಕೆಂದಿರುವುದು ಆ ಅಲ್ಯೂಮಿನಿಯಂ ಸೆಟ್ಟಿನ ಬಗ್ಗೆ. ದಯವಿಟ್ಟು ಅದನ್ನು ಇಡಿಯಾಗಿ ಕೊಳ್ಳಬೇಡಿ.

ಗಾಡಿ ಕಲ್ಲಿಗೆ ಗುದ್ದಿದಾಗ ಆ ಪೆಟ್ಟು ಎಲ್ಲಾದರೂ ಮುಗಿಯಲೇಬೇಕು. ಪ್ಲಾಸ್ಟಿಕ್ಕಿನ ತೋಳು ಸ್ವಲ್ಪ ಬಾಗಿ ಪೆಟ್ಟಿನ ಬಹುಭಾಗವನ್ನು ತಾನೇ ನುಂಗುತ್ತದೆ, ತೀರಾ ಜೋರಾದರೆ ತಾನು ಮುರಿಯುತ್ತದೆ. ಲೋಹದ ತೋಳು ಬಾಗುವುದಿಲ್ಲ. ಅದು ಪೆಟ್ಟನ್ನು ಹಾಗೆಯೇ ತನ್ನ ಹಿಂದಿರುವ ಸ್ಕ್ರೂ ರಂಧ್ರಗಳಿಗೆ ದಾಟಿಸುತ್ತದೆ, ಆ ರಂಧ್ರಗಳಿರುವುದು 1986ರ ಚಾಸಿಸ್ಸಿನಲ್ಲಿ. ತೋಳು ನಾಲ್ಕು ಸ್ಕ್ರೂ ಬಿಚ್ಚಿ ಬದಲಾಯಿಸುವ ವಸ್ತು, ಆದರೆ ಚಾಸಿಸ್ ಒಡೆದರೆ ಮಾವ ತಂದ ಟ್ರಕ್ಕು ಎನ್ನಲು ಉಳಿಯುವುದು ಬಾಡಿ ಮಾತ್ರ. ಮನೆಯ ವಿದ್ಯುತ್ ಫ್ಯೂಸಿಗೆ ದಪ್ಪ ತಂತಿ ಸುತ್ತುವವರು ಮಾಡುವುದೂ ಇದನ್ನೇ.

ಸೀಳಿದ ಮುಂದಿನ ತೋಳಿಗೆ ಮರುಬಿಡುಗಡೆಯ ಪ್ಲಾಸ್ಟಿಕ್ ಭಾಗವೇ ಸರಿ. ಅದೂ ಬೇರೆಯವರು ಅಚ್ಚು ಹಾಕಿದ ನಕಲು ಭಾಗವಾದರೆ ಮೊದಲು ಕೈಯಲ್ಲಿ ಬಗ್ಗಿಸಿ ನೋಡಿ. ಗಾಜಿನ ನಾರು ತುಂಬಿದ ಗಡುಸು ಪ್ಲಾಸ್ಟಿಕ್ಕನ್ನು ಗಟ್ಟಿ ಎಂದು ಜಾಹೀರಾತು ಮಾಡುತ್ತಾರೆ, ಆದರೆ ಅದು ಬಾಗುವುದಕ್ಕಿಂತ ಮೊದಲು ಚಟ್ಟನೆ ಮುರಿಯುವ ಸ್ವಭಾವದ್ದು.

ಮೂರು ಆಯಾಮದ ಮುದ್ರಣದ ಭಾಗಗಳೂ ಈಗ ಬಹಳ ಸಿಗುತ್ತಿವೆ. ಪಿಎಲ್‌ಎ ಎಂಬ ಅಗ್ಗದ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಮೆತ್ತಗಾಗುತ್ತದೆ, ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಆ ಶಾಖ ಬರುವುದು ದೊಡ್ಡ ಮಾತಲ್ಲ. ನೈಲಾನಿನಲ್ಲಿ ಮುದ್ರಿಸಿದ ಬಂಪರು, ಬ್ಯಾಟರಿ ಬಾಗಿಲು ಮುಂತಾದವು ಪರವಾಗಿಲ್ಲ. ತೋಳಿಗೆ ಮಾತ್ರ ಬೇಡ.

ಬಿಚ್ಚುವಾಗಿನ ಎರಡು ವಿಷಯಗಳನ್ನು ಹೇಳದೆ ಇರಲಾರೆ. ಈ ಟ್ರಕ್ಕಿನ ಸ್ಕ್ರೂಗಳ ತಲೆಯಲ್ಲಿರುವುದು ಜಪಾನಿನ ಜೆಐಎಸ್ ಮಾದರಿಯ ಅಡ್ಡಗೀರು. ನಮ್ಮ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರು ಅದರಲ್ಲಿ ಪೂರ್ತಿ ಕೂಡದೆ ಮೇಲೆದ್ದು ತಲೆಯನ್ನು ಕೆಡಿಸುತ್ತದೆ, ಆದ್ದರಿಂದ ಜೆಐಎಸ್ ಸ್ಕ್ರೂಡ್ರೈವರನ್ನೇ ತರಿಸಿಕೊಳ್ಳಿ. ಮರಳಿ ಹಾಕುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಹಳೆಯ ಮರೆಯ (ಸ್ಕ್ರೂ ಕೊರೆದ ಸುರುಳಿ ಗೀರಿನ) ಬಾಯಿ ಸಿಕ್ಕಿದಾಗ ಸ್ಕ್ರೂ ಸಣ್ಣಗೆ ಟಕ್ ಎಂದು ಕೆಳಗಿಳಿಯುತ್ತದೆ, ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹಳೆಯ ಮರೆಯಲ್ಲೇ ಕೂರುತ್ತದೆ. ನೇರವಾಗಿ ಬಿಗಿದರೆ ಪ್ರತಿ ಸಲವೂ ಹೊಸ ಮರೆ ಕೊರೆದು ರಂಧ್ರ ಹಾಳಾಗುತ್ತದೆ.

ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕ್ ದ್ರವವನ್ನು ಲೋಹಕ್ಕೆ ಲೋಹ ಕೂಡುವಲ್ಲಿ ಮಾತ್ರ, ಅಂದರೆ ಮೋಟಾರಿನ ಸ್ಕ್ರೂ, ಪಿನಿಯನ್ನಿನ (ಮೋಟಾರಿನ ಶಾಫ್ಟಿನ ಮೇಲಿನ ಚಿಕ್ಕ ಗೇರಿನ) ಗ್ರಬ್ ಸ್ಕ್ರೂಗಳಿಗೆ ಮಾತ್ರ ಬಳಸಿ. ಎಬಿಎಸ್ ಪ್ಲಾಸ್ಟಿಕ್ಕಿಗೆ ತಾಗಿದರೆ ಅದು ಒಳಗೊಳಗೇ ಬಿರುಕು ಎಬ್ಬಿಸುತ್ತದೆ. ಆಸಿಟೋನ್ ಅಂತೂ ಬಾಡಿಯ ಹತ್ತಿರವೂ ಸುಳಿಯಬಾರದು. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು, ಅದನ್ನೂ ಮೊದಲು ಒಳಮೈಯ ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಏಕೆಂದರೆ ಕೆಲವು ಬಣ್ಣಗಳನ್ನು ಅದು ಎಬ್ಬಿಸಿಬಿಡುತ್ತದೆ. ಬಣ್ಣ ತೀಡುವುದಾದರೆ ನಿಮ್ಮ ಬಾಡಿ ಗಡುಸು ಪ್ಲಾಸ್ಟಿಕ್ಕಿನದಾದ್ದರಿಂದ ತಮಿಯಾದ ಟಿಎಸ್ ಸರಣಿಯ ಸ್ಪ್ರೇ ಬೇಕು. ಪಿಎಸ್ ಸರಣಿ ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಗಳಿಗೆ ಮೀಸಲು.

ಉತ್ತರ 3: ಲೇತ್_ಮನೆ

ಹಳೆಯ_ಪೆಟ್ಟಿಗೆಯವರು ಲೋಹವನ್ನು ಸ್ವಲ್ಪ ಹೆಚ್ಚೇ ದೂರ ಇಟ್ಟರೆಂದು ನನಗನ್ನಿಸುತ್ತದೆ. ಪೆಟ್ಟು ಬೀಳುವ ಜಾಗಕ್ಕೂ ಎಳೆತ ಬೀಳುವ ಜಾಗಕ್ಕೂ ವ್ಯತ್ಯಾಸವಿದೆ. ತೋಳಿನ ವಿಷಯದಲ್ಲಿ ಅವರ ಮಾತು ನಿಜ. ಆದರೆ ಮೋಟಾರು ಕೂರುವ ತಟ್ಟೆ, ಸ್ಟೀರಿಂಗಿನ ಕಡ್ಡಿಗಳು, ಡ್ಯಾಂಪರಿನ ಕೊಳವೆ ಇವೆಲ್ಲ ಲೋಹದ್ದಾದರೆ ಒಳ್ಳೆಯದೇ. ಎರಡು ಹೋಳಿನ ಪ್ಲಾಸ್ಟಿಕ್ ಗೇರ್‌ಬಾಕ್ಸು ಶಾಖಕ್ಕೂ ಭಾರಕ್ಕೂ ಸ್ವಲ್ಪ ಬಾಯಿ ಬಿಟ್ಟರೆ ಹಲ್ಲುಗಳು ತುದಿಯಲ್ಲಿ ಮಾತ್ರ ಕೂಡಿ ಮುರಿಯುತ್ತವೆ. ಅಲ್ಲಿ ಗಟ್ಟಿತನ ಬೇಕೇ ಬೇಕು.

ಆ ಕಾರಣಕ್ಕೇ ಬ್ರಷ್‌ಲೆಸ್ ಮೋಟಾರಿನ ವಿಚಾರದಲ್ಲಿ ನಾನು ಅವರಿಗಿಂತಲೂ ಕಟ್ಟುನಿಟ್ಟು. ಪೆಟ್ಟಿಗೆಯ ಜೊತೆ ಬಂದ 540 ಅಳತೆಯ ಮೋಟಾರು, ಅಥವಾ ಅದಕ್ಕಿಂತ ಒಂದು ಹಂತ ಮೇಲಿನ ಬ್ರಷ್ ಮೋಟಾರು ಈ ಗೇರ್‌ಬಾಕ್ಸಿಗೆ ಸಾಕು. ಅದಕ್ಕೂ ಮೇಲೆ ಹೋದರೆ ಪ್ರತಿ ತಿಂಗಳೂ ಗೇರು ಕೊಳ್ಳುವುದೇ ಹವ್ಯಾಸವಾಗಬಹುದು.

ಪಿನಿಯನ್ ಬದಲಾಯಿಸುವುದಾದರೆ ಹಲ್ಲಿನ ಅಳತೆಯನ್ನು ನೋಡದೆ ಕೊಳ್ಳಬೇಡಿ. ಜಪಾನಿನವರು ಮಾಡ್ಯೂಲ್‌ನಲ್ಲಿ ಹೇಳುತ್ತಾರೆ, ಅಮೆರಿಕದವರು ಇಂಚಿನ ಲೆಕ್ಕದ ಪಿಚ್ಚಿನಲ್ಲಿ ಹೇಳುತ್ತಾರೆ. 25.4ನ್ನು ಪಿಚ್ಚಿನಿಂದ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. 32 ಪಿಚ್ಚು 0.794 ಆಗುವುದರಿಂದ 0.8 ಮಾಡ್ಯೂಲಿನ ಜೊತೆ ಧಾರಾಳವಾಗಿ ಕೂಡುತ್ತದೆ. 48 ಪಿಚ್ಚು 0.529, ಅದನ್ನು 0.6 ಮಾಡ್ಯೂಲಿನ ಗೇರಿಗೆ ಕೂಡಿಸಿದರೆ ಮೊದಲ ದಿನ ಸದ್ದು, ಆಮೇಲೆ ಪುಡಿ.

ಪ್ರಶ್ನಿಸಿದವರ ಮರುಮಾತು: ತುಂಗಭದ್ರಾ_ತೀರ

ಇಬ್ಬರಿಗೂ ಧನ್ಯವಾದಗಳು. ಅಲ್ಯೂಮಿನಿಯಂ ಸೆಟ್ಟನ್ನೂ ಬ್ರಷ್‌ಲೆಸ್ ಯೋಚನೆಯನ್ನೂ ಕೈಬಿಟ್ಟಿದ್ದೇನೆ. ಡಿಫರೆನ್ಷಿಯಲ್ ಬಟ್ಟಲು ನೋಡಿದೆ, ನೀವು ಹೇಳಿದಂತೆಯೇ ಒಳಮೂಲೆಗಳು ಕೆತ್ತಿಹೋಗಿವೆ, ಹಾಗಾಗಿ ಪೂರ್ಣ ಸೆಟ್ಟನ್ನೇ ತರಿಸುತ್ತೇನೆ.

ಇನ್ನುಳಿದಿರುವುದು ವಿದ್ಯುತ್ತಿನ ಭಾಗ. ಸುಟ್ಟ ಸ್ಪೀಡ್ ಕಂಟ್ರೋಲರನ್ನು ಉಜ್ಜಿ ಬಳಸಬಹುದೇ, ಅಥವಾ ಎಲೆಕ್ಟ್ರಾನಿಕ್ ಕಂಟ್ರೋಲರಿಗೆ ಹೋಗಬೇಕೇ? ಗೆಳೆಯರೊಬ್ಬರ ಗಟ್ಟಿ ಕವಚದ ಲಿಪೋ ಬ್ಯಾಟರಿಯನ್ನು ಇಟ್ಟು ನೋಡಿದೆ, ಅದರ ಚೌಕ ಮೂಲೆಗಳು ಚಾಸಿಸ್ಸಿನ ಬ್ಯಾಟರಿ ಗೂಡಿನೊಳಗೆ ಹೋಗುತ್ತಿಲ್ಲ. ಸ್ವಲ್ಪ ಅರದಿಂದ ಉಜ್ಜಿದರೆ ಹೋಗಬಹುದೆಂದು ತೋರುತ್ತದೆ.

ಉತ್ತರ 4: ಬೆಸುಗೆ_ಕಡ್ಡಿ

ಅರವನ್ನು ದಯವಿಟ್ಟು ಕೆಳಗಿಡಿ. ಹಳೆಯ ತಮಿಯಾ ಗಾಡಿಗಳ ಬ್ಯಾಟರಿ ಗೂಡನ್ನು ದುಂಡು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ 7.2 ವೋಲ್ಟಿನ ಪ್ಯಾಕಿಗೆ ಅಳತೆ ಮಾಡಿ ಮಾಡಿದ್ದರು, ಆದ್ದರಿಂದ ಅದರ ಅಂಚು ದುಂಡಗಿದೆ. ಇದನ್ನು ಅರಿತೇ ಅಂಚು ದುಂಡಗೆ ಮಾಡಿದ ಲಿಪೋ ಪ್ಯಾಕುಗಳನ್ನು ಮಾರುತ್ತಾರೆ, ಅಂಥದ್ದನ್ನು ಹುಡುಕಿ. ಇಲ್ಲವಾದರೆ ಆರು ಸೆಲ್ಲಿನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕನ್ನೇ ಬಳಸಿ. ಮಕ್ಕಳು ಚಾರ್ಜಿಗೆ ಹಾಕುವ ಮನೆಯಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಲಿಪೋ ಸೆಲ್ಲನ್ನು 3 ವೋಲ್ಟಿಗಿಂತ ಕೆಳಗೆ ಖಾಲಿ ಮಾಡಬಾರದು, ಸರಿಯಾದ ಬ್ಯಾಲೆನ್ಸ್ ಚಾರ್ಜರ್ ಇಲ್ಲದೆ ತುಂಬಬಾರದು, ಊದಿಕೊಂಡಿದ್ದನ್ನು ಮತ್ತೆ ಬಳಸಬಾರದು. ಈ ಶಿಸ್ತನ್ನು ಎಂಟು ವರ್ಷದ ಮಗುವಿನಿಂದ ನಿರೀಕ್ಷಿಸುವುದು ತಪ್ಪು.

ಹಳೆಯ ಸ್ಪೀಡ್ ಕಂಟ್ರೋಲರನ್ನು ಉಜ್ಜಿ ಓಡಿಸಬಹುದು, ಆದರೆ ಬೇಡ. ಅದು ವೇಗ ಕಡಿಮೆ ಮಾಡುವುದೇ ಹೆಚ್ಚುವರಿ ವಿದ್ಯುತ್ತನ್ನು ರೆಸಿಸ್ಟರಿನಲ್ಲಿ ಸುಟ್ಟು, ಹಾಗಾಗಿ ನಿಧಾನವಾಗಿ ಓಡಿಸಿದಷ್ಟೂ ರೆಸಿಸ್ಟರು ಬಿಸಿಯಾಗುತ್ತದೆ. ಅದಕ್ಕಿಂತ ಮುಖ್ಯವಾದುದು ಸುರಕ್ಷತೆ. ಈ ಏರ್ಪಾಡಿನಲ್ಲಿ ವೇಗವನ್ನು ಹಿಡಿದಿಡುವುದು ಒಂದು ಸರ್ವೋ. ರಿಮೋಟಿನ ಸಿಗ್ನಲ್ ಪಡೆಯುವ ರಿಸೀವರಿನ ಬ್ಯಾಟರಿ ನಡುವೆ ಸತ್ತರೆ ಸರ್ವೋ ಇದ್ದಲ್ಲೇ ನಿಲ್ಲುತ್ತದೆ, ಪೂರ್ಣ ವೇಗದಲ್ಲಿದ್ದ ಗಾಡಿ ಪೂರ್ಣ ವೇಗದಲ್ಲೇ ಹೋಗುತ್ತಿರುತ್ತದೆ. ಮಕ್ಕಳು ಓಡಾಡುವ ಮೈದಾನದಲ್ಲಿ ಅದನ್ನು ಒಪ್ಪಲಾಗದು. 2.4 ಗಿಗಾಹರ್ಟ್ಸ್ ರೇಡಿಯೋ ಹಾಗೂ ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕಿ, ಸಿಗ್ನಲ್ ತಪ್ಪಿದರೆ ಮೋಟಾರು ನಿಲ್ಲುವಂತೆ ಫೇಲ್‌ಸೇಫನ್ನು ಹೊಂದಿಸಿ, ಚಕ್ರಗಳನ್ನು ನೆಲದಿಂದ ಮೇಲೆತ್ತಿಟ್ಟು ರಿಮೋಟನ್ನು ಆಫ್ ಮಾಡಿ ಪರೀಕ್ಷಿಸಿದ ಮೇಲೆಯೇ ಮೈದಾನಕ್ಕೆ ಒಯ್ಯಿರಿ.

ಬ್ರಷ್ ಮೋಟಾರಿಗೆ ಹಾಬಿವಿಂಗ್ 1060ರಂಥ ಕಂಟ್ರೋಲರು ಸಾಕು. ಅದರ ಮೇಲಿನ ಪುಟ್ಟ ಜಂಪರನ್ನು ನೀವು ಬಳಸುವ ಬ್ಯಾಟರಿಯ ಬಗೆಗೆ ತಕ್ಕಂತೆ ಸರಿಸುವುದನ್ನು ಮರೆಯಬಾರದು. ಇಂಥ ಕಂಟ್ರೋಲರು ತಾನೇ ರಿಸೀವರಿಗೂ ವಿದ್ಯುತ್ ಕೊಡುತ್ತದೆ, ಆದ್ದರಿಂದ ರಿಸೀವರಿಗೆಂದಿದ್ದ ಹಳೆಯ ನಾಲ್ಕು ಸೆಲ್ಲಿನ ಡಬ್ಬಿಯನ್ನು ಅದರ ಜೊತೆಗೆ ಜೋಡಿಸಬೇಡಿ. ಮೋಟಾರಿನ ಮೇಲೆ ಬೆಸೆದಿರುವ ಚಿಕ್ಕ ಸೆರಾಮಿಕ್ ಕೆಪಾಸಿಟರುಗಳು ಕಿತ್ತುಹೋಗಿದ್ದರೆ 0.1 ಮೈಕ್ರೊಫ್ಯಾರಡ್‌ನವನ್ನು ಮತ್ತೆ ಬೆಸೆಯಿರಿ, ಬ್ರಷ್ಷಿನ ಕಿಡಿಯಿಂದ ಬರುವ ಅಡಚಣೆಯನ್ನು ತಡೆಯುವುದು ಅವೇ.

ಸ್ಟೀರಿಂಗ್ ಸರ್ವೋ ಹೊಸದು ಹಾಕುವಾಗ ಬರುವ ತೊಡಕು ಹಲ್ಲಿನ ಲೆಕ್ಕದ್ದು. ಫುಟಾಬ ಮಾದರಿಯ ಸರ್ವೋ ಶಾಫ್ಟಿಗೆ 25 ಹಲ್ಲು, ಸಾನ್ವಾ ಮತ್ತು ಜೆಆರ್ ಮಾದರಿಗೆ 23, ಹೈಟೆಕ್ ಮಾದರಿಗೆ 24. ನೋಡಲು ಒಂದೇ ರೀತಿ ಕಾಣುತ್ತವೆ, ಒತ್ತಿದರೆ ಕೂತಂತೆಯೂ ಆಗುತ್ತದೆ, ಸ್ವಲ್ಪ ಓಡಿದ ಮೇಲೆ ಒಳಗಿನ ಹಲ್ಲು ಸವೆದು ಜಾರುತ್ತದೆ. ಲೋಹದ ಸರ್ವೋ ತೋಳನ್ನು ನೇರವಾಗಿ ಹಾಕುವುದೂ ಸರಿಯಲ್ಲ. ಪೆಟ್ಟು ಬಿದ್ದಾಗ ಬಾಗಿಕೊಟ್ಟು ಸರ್ವೋ ಗೇರನ್ನು ಕಾಯುವ ಸರ್ವೋ ಸೇವರ್ ಇರಲೇಬೇಕು. ಹಳೆಯದರ ಸ್ಪ್ರಿಂಗು ಸಡಿಲಗೊಂಡಿದ್ದರೆ ತಮಿಯಾದ ಹೈ ಟಾರ್ಕ್ ಸರ್ವೋ ಸೇವರ್ ಒಳ್ಳೆಯ ಬದಲಿ.

ಹಳೆಯ ಸ್ಪೀಡ್ ಕಂಟ್ರೋಲರನ್ನು ಎಸೆಯಬೇಡಿ. ತಂತಿ ಬಿಚ್ಚಿ ಇದ್ದ ಜಾಗದಲ್ಲೇ ಬಿಟ್ಟರೂ ನಡೆಯುತ್ತದೆ, ಚಾಸಿಸ್ ನೋಡಲು ಮೊದಲಿನಂತೆಯೇ ಇರುತ್ತದೆ.

ಉತ್ತರ 5: ಹಳೆಯ_ಪೆಟ್ಟಿಗೆ

ಆ ಕೊನೆಯ ಮಾತನ್ನು ಎಲ್ಲ ಭಾಗಗಳಿಗೂ ಅನ್ವಯಿಸಿ ಎಂದು ನನ್ನ ಕೋರಿಕೆ. ತೆಗೆದ ಶಾಫ್ಟು, ಬುಷ್, ಸೀಳಿದ ತೋಳು ಎಲ್ಲವನ್ನೂ ಚೀಲಕ್ಕೆ ಹಾಕಿ, ಯಾವ ಜಾಗದ್ದೆಂದು ಬರೆದು, ಮೂಲ ಪೆಟ್ಟಿಗೆಯಲ್ಲೇ ಇಡಿ. ಬೇರೆ ಕಂಪನಿಯ ಯಾವ ಭಾಗಕ್ಕಾದರೂ ಚಾಸಿಸ್ಸಿನಲ್ಲಿ ಹೊಸ ರಂಧ್ರ ಕೊರೆಯಬೇಕು ಎಂದು ಸೂಚನೆ ಇದ್ದರೆ ಆ ಭಾಗ ನಿಮ್ಮ ಟ್ರಕ್ಕಿಗೆ ಅಲ್ಲ.

ಬಿರಿದ ಟೈರುಗಳಿಗೆ ಯಾವ ಎಣ್ಣೆಯನ್ನೂ ಹಚ್ಚಬೇಡಿ, ಒಣಗಿದ ರಬ್ಬರು ಮತ್ತೆ ಜೀವ ಪಡೆಯುವುದಿಲ್ಲ. ಓಡಿಸಲು ಹೊಸ ಜೊತೆ ಕೊಂಡು, ಹಳೆಯದನ್ನು ಅದರದೇ ಚಕ್ರದ ಮೇಲೆ ಕಪಾಟಿನಲ್ಲಿಡಿ.

ವಿದೇಶದಿಂದ ತರಿಸುವಾಗ ಸೀಮಾ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಟಿಕೆಗಳ ಮೂಲ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ ಮೇಲೆ, ಹತ್ತು ಚಿಕ್ಕ ಪಾರ್ಸೆಲ್ಲು ತರಿಸುವವರ ಉತ್ಸಾಹ ಅಂಚೆ ಕಚೇರಿಯಲ್ಲೇ ಇಳಿದುಬಿಟ್ಟಿತು. ಆರ್ಡರ್ ಹಾಕುವ ಮೊದಲು ಆ ದಿನದ ದರ ನೋಡಿಕೊಳ್ಳಿ. ಬೇರಿಂಗು, ಕನೆಕ್ಟರು, ತಂತಿ ಇಲ್ಲಿಯೇ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಬರುವ ಪರಿಚಿತರಿದ್ದರೆ ತಂತಿ, ಕನೆಕ್ಟರುಗಳ ಪಟ್ಟಿಯನ್ನು ಅವರ ಕೈಗೆ ಕೊಡಿ. ಹೊರಗಿನಿಂದ ಬರಬೇಕಾದುದು ಶಾಫ್ಟಿನ ಸೆಟ್ಟು, ತೋಳು, ಟೈರು ಮಾತ್ರ.

ಪ್ರಶ್ನಿಸಿದವರ ಮರುಮಾತು: ತುಂಗಭದ್ರಾ_ತೀರ

ಬುಷ್‌ಗಳನ್ನು ತೆಗೆದು ಅಳೆದಿದ್ದೇನೆ, ಪಟ್ಟಿ ಸಿದ್ಧವಾಗಿದೆ. ಇಲ್ಲಿನ ಬೇರಿಂಗ್ ಅಂಗಡಿಯವರು ಎಂಆರ್115ರಲ್ಲಿ ಎರಡು ಬಗೆ ಇವೆ, ಝಡ್‌ಝಡ್ ಬೇಕೋ 2ಆರ್‌ಎಸ್ ಬೇಕೋ ಎಂದು ಕೇಳುತ್ತಿದ್ದಾರೆ.

ಉತ್ತರ 6: ಲೇತ್_ಮನೆ

ಝಡ್‌ಝಡ್ ಎಂದರೆ ಎರಡೂ ಬದಿಗೆ ತೆಳು ಲೋಹದ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರಿನ ಸೀಲು. ಲೋಹದ್ದು ಸ್ವಲ್ಪ ಹಗುರವಾಗಿ ತಿರುಗುತ್ತದೆ, ಆದರೆ ಮುಚ್ಚಳಕ್ಕೂ ಒಳ ಉಂಗುರಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ನಿಮ್ಮದು ಮಣ್ಣಿನ ಮೈದಾನವಾದ್ದರಿಂದ ನಾಲ್ಕು ಚಕ್ರಗಳಿಗೆ 2ಆರ್‌ಎಸ್ ತೆಗೆದುಕೊಳ್ಳಿ. ಗೇರ್‌ಬಾಕ್ಸಿನ ಒಳಗಿನವಕ್ಕೆ ಝಡ್‌ಝಡ್ ಸಾಕು, ಅಲ್ಲಿಗೆ ಧೂಳಿಗಿಂತ ಹೆಚ್ಚಾಗಿ ಗ್ರೀಸೇ ತಲುಪುವುದು.

ಬೇರಿಂಗನ್ನು ಗೂಡಿಗೆ ಒತ್ತುವಾಗ ಹೊರ ಉಂಗುರದ ಮೇಲೆಯೇ ಬಲ ಬೀಳಲಿ, ಸುತ್ತಿಗೆ ಬೇಡ. ಅಷ್ಟೇ ಅಳತೆಯ ಬಾಕ್ಸ್ ಸ್ಪ್ಯಾನರಿನ ಟೊಳ್ಳು ತುದಿಯನ್ನಿಟ್ಟು ಹೆಬ್ಬೆರಳಿನಲ್ಲಿ ಒತ್ತಿದರೆ ಕೂರುತ್ತದೆ. ಕೂರದಿದ್ದರೆ ಗೂಡಿನಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ನಿಂತಿದೆ ಎಂದರ್ಥ, ಒರೆಸಿ ಮತ್ತೆ ಒತ್ತಿ.